ಓದಿದ್ದು ತಿಳಿಯಿತೇ?



ನಿಮ್ಮ ಮನೆಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿ ಕಲಿಯುವ ಮಗುವೊಂದು ಇದ್ದರೆ ಅದರ ಕೈಗೆ ಕನ್ನಡ ಪಠ್ಯಪುಸ್ತಕವನ್ನು ಕೊಟ್ಟು ಒಂದು ಪುಟ ಓದಿಸಿರಿ. ಬಹುಶಃ ಅದು ತಡೆಯಿಲ್ಲದೆ ಓದೀತು, ನಿಮಗೂ ಸಂತೋಷವಾದೀತು. ಅನಂತರ ಪುಸ್ತಕವನ್ನು ಮುಚ್ಚಿ, 'ಇದರಲ್ಲಿ ಏನು ಹೇಳಿದೆ?' ಎಂದು ಕೇಳಿರಿ. ಅನೇಕ ಮನೆಗಳಲ್ಲಿ ಇದಕ್ಕೆ ದೊರೆಯುವ ಉತ್ತರ ಮೌನ. ಓದುವುದು ಬೇರೆ, ತಿಳಿಯುವುದು ಬೇರೆ. ಈ ಅಂತರವನ್ನು ದೂರದರ್ಶನವೋ ಮೊಬೈಲೋ ತಂದುದೆಂದು ನಾವು ಭಾವಿಸುತ್ತೇವೆ. ಆದರೆ ನಮ್ಮ ನಾಡಿನಲ್ಲಿ ಇದಕ್ಕೆ ಕನಿಷ್ಠ ಎರಡು ನೂರು ವರ್ಷಗಳ ಇತಿಹಾಸವಿದೆ.

ಅದಕ್ಕೂ ಹಿಂದಿನ ಸ್ಥಿತಿ ಇದಕ್ಕೆ ವಿರುದ್ಧವಾಗಿತ್ತು. ಕನ್ನಡಿಗರು ವಿಧಿವತ್ತಾಗಿ ಓದದಿದ್ದರೂ ಕಾವ್ಯವನ್ನು ಬಲ್ಲವರೆಂದು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಹೊಗಳುತ್ತದೆ. ಇಂದಿನ ಮುಧೋಳವಾದ ಮುದುವೊಳಲಿನಲ್ಲಿ ಹತ್ತನೆಯ ಶತಮಾನದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಅಜಿತಸೇನಾಚಾರ್ಯರಂತಹ ಗುರುವನ್ನು ಪಡೆದು ಮಹಾಕವಿಯಾದನು. ಮಠ, ಗುಡಿಗಳಲ್ಲಿ ಪುರಾಣ ನಡೆಯುವಾಗ ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು. ಪದ್ಯ ಮುಂದೆ ಸಾಗಬೇಕಾದರೆ ಅರ್ಥ ಅದರ ಜೊತೆಗೇ ಸಾಗಬೇಕು. ಅಕ್ಷರವನ್ನೇ ಅರಿಯದ ಒಕ್ಕಲಿಗನೂ ಮಹಾಭಾರತದ ಧರ್ಮಸೂಕ್ಷ್ಮವನ್ನು ಚರ್ಚಿಸಬಲ್ಲವನಾಗಿದ್ದನು. ಓದು ಇಲ್ಲದಿದ್ದರೂ ತಿಳಿವಳಿಕೆ ಇತ್ತು.

ಅದೇ ಊರಿನ ಐಗಳ ಶಾಲೆಯಲ್ಲಿ ಮಾತ್ರ ಓದು ಇತ್ತು, ತಿಳಿವಳಿಕೆ ಇರಲಿಲ್ಲ. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ತನ್ನ ಜಿಲ್ಲೆಯ ಶಾಲೆಗಳ ವರದಿಯನ್ನು ಮದರಾಸಿಗೆ ಕಳುಹಿಸಿದನು. ಅಲ್ಲಿದ್ದ ಶಾಲೆಗಳು 533, ವಿದ್ಯಾರ್ಥಿಗಳು 6,641. ಕನ್ನಡ ಶಾಲೆಗಳೇ 235. ಹಿರಿಯ ಮಕ್ಕಳು ಕಿರಿಯರಿಗೆ ಕಲಿಸುವ ರೀತಿಯನ್ನೂ ಅಲ್ಪ ವೆಚ್ಚವನ್ನೂ ಅವನು ಮೆಚ್ಚಿಕೊಂಡನು. ಆದರೆ ಮಕ್ಕಳು ನೂರಾರು ಪದ್ಯಗಳನ್ನು ಗಿಳಿಗಳಂತೆ ಒಪ್ಪಿಸುತ್ತಾರೆ, ಅರ್ಥವನ್ನು ಮಾತ್ರ ಅರಿಯರು ಎಂದು ವಿಷಾದಿಸಿದನು. ಅವನು ಕಂಡ ಕಾರಣ ಮಕ್ಕಳ ಮಂದಬುದ್ಧಿಯಲ್ಲ. ಪಾಠದ ಪದ್ಯಗಳ ಭಾಷೆ ಮನೆಯ ಮಾತಿಗಿಂತ ಬೇರೆಯಾಗಿತ್ತು.

ನಮ್ಮ ಕೃಷ್ಣಾ, ಘಟಪ್ರಭಾ ತೀರದಲ್ಲಿ ಭಾಷೆಯ ಈ ದೂರ ಇನ್ನೂ ಹೆಚ್ಚಾಗಿತ್ತು. ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ ಆಳುತ್ತಿದ್ದರು. ಇಂದು ಒಂದೇ ನಗರಸಭೆಯಲ್ಲಿ ಕೂಡಿರುವ ರಬಕವಿ ಮತ್ತು ಬನಹಟ್ಟಿಗಳಲ್ಲಿ ಮೊದಲನೆಯದು ಸಾಂಗಲಿ ಸಂಸ್ಥಾನಕ್ಕೆ, ಎರಡನೆಯದು ಜಮಖಂಡಿಗೆ ಸೇರಿತ್ತು. ಬೀಳಗಿ ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಅರಸರ ಮಾತು ಮರಾಠಿ, ಪ್ರಜೆಗಳ ಮಾತು ಕನ್ನಡ. ಬ್ರಿಟಿಷರ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿಯೂ ಶಾಲೆಗಳಲ್ಲಿ ಮೊದಮೊದಲು ಮರಾಠಿಯದೇ ಮೇಲುಗೈ. 1830ರ ಸುಮಾರಿಗೆ ಧಾರವಾಡದಲ್ಲಿ ವಾಲ್ಟರ್ ಎಲಿಯಟ್, 1860ರ ದಶಕದಿಂದ ಡೆಪ್ಯೂಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಶ್ರಮಿಸಿದರು. ಅದನ್ನು ನಾವು ಭಾಷಾಭಿಮಾನವೆಂದು ನೆನೆಯುತ್ತೇವೆ. ನಿಜದಲ್ಲಿ ಅದು ಮಗು ತಾನು ಓದಿದ್ದನ್ನು ತಿಳಿಯಬೇಕೆಂಬ ಹೋರಾಟವೂ ಆಗಿತ್ತು. ಸಂಸ್ಥಾನಗಳು 1948ರಲ್ಲಿ ವಿಲೀನವಾದವು, 1956ರಲ್ಲಿ ನಾಡು ಒಂದಾಯಿತು.

ಭಾಷೆಯ ತೊಡಕಿಗೆ ಪರೀಕ್ಷೆಯ ತೊಡಕೂ ಸೇರಿತು. 1862ರಲ್ಲಿ ಇಂಗ್ಲೆಂಡಿನ ಸರಕಾರವು ಮಕ್ಕಳ ಓದು, ಬರಹ, ಲೆಕ್ಕಗಳ ಪರೀಕ್ಷೆಯ ಫಲವನ್ನು ನೋಡಿ ಶಾಲೆಗೆ ಅನುದಾನ ಕೊಡುವ ನಿಯಮವನ್ನು ತಂದಿತು. ಅದೇ ದಶಕದಲ್ಲಿ ಮುಂಬಯಿ ಪ್ರಾಂತ್ಯದಲ್ಲಿಯೂ ಇಂತಹ ನಿಯಮ ಬಂದಿತು. ಇಂಗ್ಲೆಂಡಿನಲ್ಲಿ ಶಾಲಾ ತನಿಖಾಧಿಕಾರಿಯಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಇದರ ಪರಿಣಾಮವನ್ನು ಕಂಡು ಎಚ್ಚರಿಸಿದನು: ಮಕ್ಕಳು ಪರೀಕ್ಷೆಯ ಪುಸ್ತಕವನ್ನೇ ಬಾಯಿಪಾಠ ಮಾಡುತ್ತಾರೆ, ಓದಲು ಬಾರದವರೂ ಓದಿನಲ್ಲಿ ತೇರ್ಗಡೆಯಾಗುತ್ತಾರೆ. ನಾವು ಏನನ್ನು ಅಳೆಯುತ್ತೇವೆಯೋ ಮಕ್ಕಳು ಅದನ್ನೇ ಕಲಿಯುತ್ತಾರೆ.

ಈಗಿನ ಅಳತೆಗಳು ಏನು ಹೇಳುತ್ತವೆ? 'ಪ್ರಥಮ್' ಸಂಸ್ಥೆಯು 2005ರಿಂದ ಹಳ್ಳಿಗಳ ಮನೆಮನೆಗೆ ಹೋಗಿ 'ಅಸರ್' ಸಮೀಕ್ಷೆಯನ್ನು ನಡೆಸುತ್ತ ಬಂದಿದೆ. ದೇಶದ ಹಳ್ಳಿಗಳ ಐದನೆಯ ಇಯತ್ತೆಯ ಮಕ್ಕಳಲ್ಲಿ ಎರಡನೆಯ ಇಯತ್ತೆಯ ಮಟ್ಟದ ಕಥೆಯನ್ನು ಓದಬಲ್ಲವರು 2018ರಲ್ಲಿ ಶೇಕಡಾ 50.5 ಇದ್ದರು. ಕೊರೋನಾದ ತರುವಾಯ, 2022ರಲ್ಲಿ, ಅದು 42.8ಕ್ಕೆ ಇಳಿಯಿತು, 2024ರಲ್ಲಿ 48.8ಕ್ಕೆ ಏರಿತು. ಇದು ಮುಖ್ಯವಾಗಿ ಗಟ್ಟಿಯಾಗಿ ಓದುವುದರ ಅಳತೆ. ಅರ್ಥದ ಅಳತೆ ಇನ್ನೂ ಮುಂದಿನದು. ನಮ್ಮ ಲಿಪಿಯೂ ಸಮಯವನ್ನು ಬೇಡುತ್ತದೆ. ಕಾಗುಣಿತ, ಒತ್ತಕ್ಷರಗಳೆಲ್ಲ ಕೈಗೆ ಹತ್ತಲು ನಾಲ್ಕನೆಯ ಇಯತ್ತೆಯವರೆಗೂ ಬೇಕಾಗುತ್ತದೆಂದು ಸೋನಾಲಿ ನಾಗ್ ಅವರು ಕನ್ನಡದ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅಕ್ಷರದೊಡನೆಯೇ ಸೆಣಸುವ ಮಗುವಿಗೆ ಅರ್ಥದ ಕಡೆಗೆ ಕೊಡಲು ಗಮನ ಉಳಿಯುವುದಿಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊದಲಾದ ನಲಿ-ಕಲಿ, 2022ರ ಕಲಿಕಾ ಚೇತರಿಕೆ ಇವೆಲ್ಲ ಮಗುವಿನ ವೇಗಕ್ಕೆ ತಕ್ಕಂತೆ ಕಲಿಸುವ ಪ್ರಯತ್ನಗಳು.

ಅಕ್ಷರ ಬಂದ ಮೇಲೂ ಅರ್ಥವಾಗಬೇಕಾದರೆ ಮಗುವಿನ ಲೋಕ ಪಾಠದೊಳಗೆ ಬರಬೇಕು. ಈ ಮೂರು ವಾಕ್ಯಗಳನ್ನು ನೋಡಿರಿ: 'ಕರೆಂಟು ಹೋಯಿತು. ಓಣಿಯ ಮಗ್ಗಗಳ ಸದ್ದು ನಿಂತಿತು. ಅಜ್ಜನ ಮಗ್ಗ ಮಾತ್ರ ನಡೆದೇ ಇತ್ತು.' ಯಾರ ಮಗ್ಗ ನಡೆದಿತ್ತೆಂದು ಕೇಳಿದರೆ ಓದಬಲ್ಲ ಯಾವ ಮಗುವಾದರೂ ಹೇಳೀತು. ಉತ್ತರ ವಾಕ್ಯದಲ್ಲಿಯೇ ಇದೆ. ಅದು ಏಕೆ ನಿಲ್ಲಲಿಲ್ಲವೆಂದು ಕೇಳಿರಿ. ಉತ್ತರ ಅಲ್ಲಿ ಬರೆದಿಲ್ಲ. ಬನಹಟ್ಟಿಯ ನೇಕಾರನ ಮಗಳು ಥಟ್ಟನೆ 'ಅದು ಕೈಮಗ್ಗ' ಎಂದಾಳು. ಬೆಂಗಳೂರಿನ ಜಾಣ ಹುಡುಗ ತಡವರಿಸಿಯಾನು. ಹಡಗಿನ ಪಾಠದಲ್ಲಿ ಇವಳು ತಡವರಿಸಿದರೆ ಅದು ದಡ್ಡತನವಲ್ಲ. ಮುಧೋಳದ ಕಬ್ಬಿನ ಗದ್ದೆಯ ಮಗುವಿಗೂ, ಆಲಮಟ್ಟಿ ಹಿನ್ನೀರಿನಿಂದ ಊರು ಬಿಟ್ಟು ಪುನರ್ವಸತಿಯಲ್ಲಿ ನೆಲೆಸಿದ ಬೀಳಗಿ ಕಡೆಯ ಮನೆಗಳ ಮಗುವಿಗೂ ಇದೇ ಮಾತು ಸಲ್ಲುತ್ತದೆ. ಇದನ್ನು ಅರಿಯದೆ 'ಇವನಿಗೆ ತಲೆಗೆ ಹತ್ತುವುದಿಲ್ಲ' ಎಂದು ತೀರ್ಪು ಕೊಟ್ಟರೆ ಆ ಮಗು ಮುಂದೆ ವಿಜ್ಞಾನದಲ್ಲಿಯೂ ಲೆಕ್ಕದಲ್ಲಿಯೂ ಸೋಲುತ್ತದೆ, ಒಂದು ದಿನ ಶಾಲೆಯನ್ನೇ ಬಿಡುತ್ತದೆ.

ಆದ್ದರಿಂದ ಪಾಲಕರೇ, ದಿನಕ್ಕೆ ಒಂದೇ ಪುಟ ಸಾಕು. ಮೂರು ಪ್ರಶ್ನೆ ಕೇಳಿರಿ: ಇಲ್ಲಿ ಏನು ನಡೆಯಿತು? ಹಾಗೇಕೆ ನಡೆಯಿತು? ನೀನಾಗಿದ್ದರೆ ಏನು ಮಾಡುತ್ತಿದ್ದೆ? ಮಗು ತನ್ನ ಮನೆಮಾತಿನಲ್ಲಿಯೇ ಹೇಳಲಿ. ಪುಸ್ತಕದ ಕನ್ನಡಕ್ಕೆ ತಿದ್ದಲು ಅವಸರಪಡಬೇಡಿರಿ. ತಪ್ಪಿದರೆ ಗದರಿಸಬೇಡಿರಿ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬನು ಯೆಶಾಯನ ಗ್ರಂಥವನ್ನು ಓದುತ್ತಿದ್ದಾಗ, ಓದಿದ್ದು ತಿಳಿಯಿತೇ ಎಂದು ಫಿಲಿಪ್ಪನು ಕೇಳಿದನಷ್ಟೆ. ಅವನು ಪರೀಕ್ಷಕನಾಗಿ ದೂರ ನಿಲ್ಲಲಿಲ್ಲ. ರಥವನ್ನೇರಿ ಪಕ್ಕದಲ್ಲಿ ಕುಳಿತನು.

ನಿಮ್ಮಲ್ಲಿ ಕೆಲವರು, 'ನಮಗೇ ಓದು ಬಾರದು, ನಾವೇನು ಕೇಳುವುದು?' ಎಂದೀರಿ. ಪುರಾಣವನ್ನು ಕೇಳಿ ಅರ್ಥ ಮಾಡಿಕೊಂಡ ನಿಮ್ಮ ಹಿರಿಯರಿಗೂ ಓದು ಬರುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಲೇ ತಾಯಿ, 'ಇವತ್ತಿನ ಪಾಠದ ಕಥೆ ಹೇಳಪಾ' ಎನ್ನಬಹುದು. ಮಗು ಹೇಳಿದ ಕಥೆ ಅವಳಿಗೆ ತಿಳಿದರೆ ಮಗುವಿಗೂ ಅದು ತಿಳಿದಿದೆ. ಎಲ್ಲಿ ತಿಳಿಯಲಿಲ್ಲವೋ ಅಲ್ಲಿ 'ಇನ್ನೊಮ್ಮೆ ಓದಿ ಹೇಳು' ಎಂದರೆ ಸಾಕು.