ಚುಕ್ಕಿಗೊಂದು ಎಲ್ಲೆ

ಮೊಬೈಲ್ ಫೋನು ಕೊಳ್ಳಲು ಅಂಗಡಿಗೆ ಹೋದವರಿಗೆ ಈ ಕೆಲವು ವರ್ಷಗಳಿಂದ ಮೊದಲು ಕೇಳಿಸುವುದು ಒಂದು ಸಂಖ್ಯೆ. 50 ಮೆಗಾಪಿಕ್ಸೆಲ್, 108 ಮೆಗಾಪಿಕ್ಸೆಲ್, 200 ಮೆಗಾಪಿಕ್ಸೆಲ್! 108 ಎಂದಾಗ ನಮ್ಮವರಿಗೆ ಅಷ್ಟೋತ್ತರದ ನೆನಪಾಗಿ ಶ್ರದ್ಧೆ ಕೊಂಚ ಹೆಚ್ಚುವುದೂ ಉಂಟು. ಸಂಖ್ಯೆ ದೊಡ್ಡದಾದಷ್ಟೂ ಚಿತ್ರ ಚೆನ್ನಾಗಿ ಬರುತ್ತದೆಂದು ಮಾರುವವನೂ ನಂಬಿದ್ದಾನೆ, ಕೊಳ್ಳುವವನೂ ನಂಬಿದ್ದಾನೆ. ಈ ನಂಬಿಕೆಯ ಚರಿತ್ರೆಯನ್ನು ಕೆದಕಿ ನೋಡಬೇಕೆಂಬ ಹುಚ್ಚು ನನಗೆ ಹಿಡಿದು ಬಹಳ ದಿನವಾಯಿತು. ಕೆದಕಿದಷ್ಟೂ ಒಂದು ವಿಚಿತ್ರ ಕಾಣಿಸಿತು. ಚಿತ್ರದ ಚುಕ್ಕಿಯನ್ನು ಎಷ್ಟು ಕಿರಿದು ಮಾಡಬಹುದೆಂಬ ಪ್ರಶ್ನೆಗೆ ಉತ್ತರ, ಆ ಚುಕ್ಕಿಯೇ ಹುಟ್ಟದಿದ್ದ ಕಾಲದಲ್ಲಿ ಅಚ್ಚಾಗಿ ಕುಳಿತಿತ್ತು.

ಪಿಕ್ಸೆಲ್ ಎಂದರೆ ಈ ಚುಕ್ಕಿಯೇ. ಡಿಜಿಟಲ್ ಕ್ಯಾಮರಾದಲ್ಲಿ ಫಿಲ್ಮಿನ ಬದಲು ಸಿಲಿಕಾನಿನ ಒಂದು ಚೂರು ಇದೆ. ಅದರ ಮೇಲೆ ಬೆಳಕು ಹಿಡಿಯುವ ಪುಟ್ಟ ಪುಟ್ಟ ಮನೆಗಳು ಸಾಲುಸಾಲಾಗಿ ಇವೆ. ಒಂದೊಂದು ಮನೆಯೂ ತನ್ನೊಳಗೆ ಬಿದ್ದ ಬೆಳಕೆಷ್ಟೆಂದು ಲೆಕ್ಕ ಒಪ್ಪಿಸುತ್ತದೆ. ಇಂಥವು ಹತ್ತು ಲಕ್ಷವಿದ್ದರೆ ಒಂದು ಮೆಗಾಪಿಕ್ಸೆಲ್. ಫೋನು ತೆಳುವಾಗಿರಬೇಕಾದ್ದರಿಂದ ಸಿಲಿಕಾನಿನ ಚೂರು ಬೇಕೆಂದಷ್ಟು ಅಗಲವಾಗುವ ಹಾಗಿಲ್ಲ. ಮನೆಗಳು ಹೆಚ್ಚಬೇಕಾದರೆ ಪ್ರತಿಯೊಂದೂ ಕಿರಿದಾಗಬೇಕು, ಅವಿಭಕ್ತ ಕುಟುಂಬದ ಹೊಲ ಪಾಲಾದ ಹಾಗೆ.

1835ರಲ್ಲಿ ಕೇಂಬ್ರಿಜ್ ಫಿಲಾಸಫಿಕಲ್ ಸೊಸೈಟಿಯ ಸಂಪುಟದಲ್ಲಿ ಜಾರ್ಜ್ ಬಿಡ್ಡೆಲ್ ಏರಿ ಎಂಬ ವಿದ್ವಾಂಸನ ಲೇಖನವೊಂದು ಪ್ರಕಟವಾಯಿತು. ಅದೇ ವರ್ಷ ಆತ ಇಂಗ್ಲೆಂಡಿನ ರಾಜಖಗೋಳಜ್ಞನಾಗಿ ನೇಮಕಗೊಂಡ. ಫ್ರಾನ್ಸಿನ ಡಾಗೆರನ ಛಾಯಾಚಿತ್ರ ವಿಧಾನ ಲೋಕಕ್ಕೆ ತಿಳಿದದ್ದು 1839ರಲ್ಲಿ. ಆದ್ದರಿಂದ ಏರಿಯ ಚಿಂತೆ ಚಿತ್ರದ್ದಲ್ಲ, ನಕ್ಷತ್ರದ್ದು. ನಕ್ಷತ್ರ ಇರುವ ದೂರವನ್ನು ನೆನೆದರೆ ಅದು ದೂರದರ್ಶಕದಲ್ಲಿ ಅಗಲವೇ ಇಲ್ಲದ ಬಿಂದುವಾಗಿ ಕಾಣಬೇಕು. ಆದರೆ ಎಂಥ ಒಳ್ಳೆಯ ಮಸೂರದಲ್ಲಿ ನೋಡಿದರೂ ಅದು ಒಂದು ಪುಟ್ಟ ಬಿಲ್ಲೆಯಾಗಿ, ಸುತ್ತಲೂ ಮಸುಕಾದ ಬಳೆಗಳನ್ನು ತೊಟ್ಟು ಕಾಣುತ್ತದೆ. ಇದು ಮಸೂರ ಉಜ್ಜಿದವನ ತಪ್ಪಲ್ಲ, ಬೆಳಕು ಅಲೆಯಾಗಿರುವುದರ ಫಲ ಎಂದು ಏರಿ ಗಣಿತದಿಂದ ತೋರಿಸಿದ. ದುಂಡನೆಯ ಕಂಡಿಯಲ್ಲಿ ಹಾದ ಅಲೆ ಒಂದಿಷ್ಟು ಹರಡಿಕೊಂಡೇ ತೀರುತ್ತದೆ. ಕಂಡಿ ಕಿರಿದಾದಷ್ಟೂ ಹರಡುವುದು ಹೆಚ್ಚು. ಹೀಗೆ ಹರಡುವುದಕ್ಕೆ ವಿವರ್ತನೆ ಎಂದು ಹೆಸರು. ಇಟಲಿಯ ಪಾದ್ರಿ ಗ್ರಿಮಾಲ್ಡಿ ಇದನ್ನು ಮೊದಲೇ ಕಂಡಿದ್ದ. ಅವನ ಗ್ರಂಥ ಹೊರಬಂದದ್ದು 1665ರಲ್ಲಿ, ಅವನು ತೀರಿಕೊಂಡ ಮೇಲೆ. ಆಮೇಲೆ ಯೇನಾ ಪಟ್ಟಣದ ಎರ್ನ್‌ಸ್ಟ್ ಅಬ್ಬೆ 1873ರಲ್ಲಿ ಸೂಕ್ಷ್ಮದರ್ಶಕಕ್ಕೂ ಇಂಥದೇ ಎಲ್ಲೆಯುಂಟೆಂದು ತೋರಿಸಿದ. ನಮ್ಮ ಸಿ. ವಿ. ರಾಮನ್ ಅವರ ಮೊಟ್ಟಮೊದಲ ಲೇಖನ, 1906ರಲ್ಲಿ ಅಚ್ಚಾದದ್ದು, ಆಯಾಕಾರದ ಕಂಡಿಯ ವಿವರ್ತನೆಯನ್ನು ಕುರಿತದ್ದೇ. ಆಗ ಅವರು ಮದರಾಸಿನಲ್ಲಿ ಓದುತ್ತಿದ್ದ 18 ವರ್ಷದ ಹುಡುಗ.

ಈ ತತ್ತ್ವ ನಮ್ಮ ಹೆಂಗಸರಿಗೆ ಬೆರಳ ತುದಿಯಲ್ಲೇ ಇದೆಯೆನ್ನಬಹುದು. ರಂಗೋಲಿಯ ಚುಕ್ಕಿಗಳನ್ನು ಎಷ್ಟು ಒತ್ತಾಗಿ ಬೇಕಾದರೂ ಇಡಬಹುದು. ಆದರೆ ಬೆರಳ ಸಂದಿಯಿಂದ ಇಳಿಯುವ ಹಿಟ್ಟಿನ ಗೆರೆಗೆ ಅದರದೇ ಆದ ದಪ್ಪವೊಂದುಂಟು. ಚುಕ್ಕಿಗಳ ನಡುವಣ ಅಂತರ ಆ ದಪ್ಪಕ್ಕಿಂತ ಬಹಳ ಕಡಮೆಯಾಯಿತೋ, ಎಳೆಗೆ ಎಳೆ ಕೂಡಿಕೊಂಡು ಬಾಗಿಲ ಮುಂದೆ ಉಳಿಯುವುದು ಹಿಟ್ಟಿನ ರಾಶಿ.

ಕ್ಯಾಮರಾದ ಬೆಳಕಿನ ಗೆರೆಗೆ ದಪ್ಪವೆಷ್ಟು? ಹಸುರು ಬೆಳಕಿನ ಅಲೆಯ ಉದ್ದ ಸುಮಾರು 0.55 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು; ನಮ್ಮ ತಲೆಗೂದಲ ದಪ್ಪ 70 ಮೈಕ್ರಾನಿನಷ್ಟಿರಬಹುದು. ಅಲೆಯ ಉದ್ದವನ್ನು 2.44ರಿಂದ ಗುಣಿಸಿ, ಬಂದದ್ದನ್ನು ಮಸೂರದ ಎಫ್ ಸಂಖ್ಯೆಯಿಂದ ಗುಣಿಸಿದರೆ ಏರಿಯ ಬಿಲ್ಲೆಯ ವ್ಯಾಸ ಸಿಕ್ಕುತ್ತದೆ. ಫೋನುಗಳಲ್ಲಿ ಸಾಮಾನ್ಯವಾಗಿ ಕಾಣುವ ಎಫ್ 1.8ರ ಮಸೂರಕ್ಕೆ ಇದು 2.4 ಮೈಕ್ರಾನ್. ಚುಕ್ಕಿ ಇದಕ್ಕಿಂತ ಕಿರಿದಾದ ಕೂಡಲೆ ವ್ಯರ್ಥವೆಂದು ಹೇಳಿದರೆ ಅನ್ಯಾಯವಾದೀತು. ಬಿಲ್ಲೆಯ ನಡು ಹೊಳೆಯುತ್ತದೆ, ಅಂಚು ಮಸುಳುತ್ತದೆ. ಆ ಏರಿಳಿತವನ್ನು ಹಿಡಿಯಲು ಬಿಲ್ಲೆಯ ಅಡ್ಡಕ್ಕೆ ಎರಡು ಮೂರು ಚುಕ್ಕಿಗಳಾದರೂ ಬೇಕು. ಅಲ್ಲಿಂದ ಮುಂದೆ ಲಾಭ ಬೇಗಬೇಗ ಕುಗ್ಗುತ್ತದೆ. ಅರ್ಧ ಮೈಕ್ರಾನಿನ ಹೊತ್ತಿಗೆ ಆ ಮಸೂರ ಕೊಡಬಲ್ಲ ವಿವರವೆಲ್ಲ ಮುಗಿದಿರುತ್ತದೆ. ಇದೂ ದೋಷವೇ ಇಲ್ಲದ ಮಸೂರದ ಮಾತು. ಅಂಗಿಯ ಜೇಬಿನಲ್ಲಿ ನಾಣ್ಯಗಳ ಜೊತೆ ಓಡಾಡುವ ಮಸೂರದ ಕಥೆ ಬೇರೆ.

ಎರಡನೆಯ ಎಲ್ಲೆ ಇದಕ್ಕಿಂತ ಸ್ವಾರಸ್ಯವಾದದ್ದು. ಬೆಳಕು ಅಲೆಯೂ ಹೌದು, ಕಣವೂ ಹೌದು ಎಂಬುದು 1905ರಲ್ಲಿ ಐನ್‌ಸ್ಟೈನ್ ಹಾಕಿಕೊಟ್ಟ ಒಗಟು. ಕಣಗಳು ಗಡಿಯಾರದ ಟಿಕ್ ಟಿಕ್‌ನಂತೆ ಕ್ರಮವಾಗಿ ಬರುವುದಿಲ್ಲ, ಮಳೆಹನಿಯಂತೆ ಬರುತ್ತವೆ. ತುಂತುರು ಮಳೆಯಲ್ಲಿ ಅಂಗಳದಲ್ಲಿ ಹತ್ತು ಕೊಪ್ಪರಿಗೆಗಳನ್ನಿಟ್ಟರೆ ಎಲ್ಲದರಲ್ಲೂ ನೀರು ಹೆಚ್ಚುಕಡಮೆ ಒಂದೇ ಸಮ. ಹತ್ತು ಪುಟ್ಟ ಲೋಟಗಳನ್ನಿಟ್ಟರೆ ಒಂದರಲ್ಲಿ ಮೂರು ಹನಿ, ಮಗ್ಗುಲಿನದರಲ್ಲಿ ಏಳು ಹನಿ. ಮಳೆಯೇನೋ ಒಂದೇ, ಪಾತ್ರೆ ಕಿರಿದಾದ್ದರಿಂದ ಅದು ಏರುಪೇರಾಗಿ ಕಂಡಿತು. ಲೆಕ್ಕ ಬಲು ಸರಳ: ಸರಾಸರಿ 10,000 ಕಣಗಳು ಬರುವ ಕಡೆ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 100. ನೂರಕ್ಕೆ ಒಂದು, ಕಣ್ಣಿಗೆ ತಿಳಿಯದು. ಸರಾಸರಿ 100 ಕಣಗಳು ಬರುವ ಕಡೆ ಏರುಪೇರು 10, ನೂರಕ್ಕೆ ಹತ್ತು. ಚಿತ್ರದಲ್ಲಿ ಮರಳು ಎರಚಿದಂತೆ ಕಾಣುವುದು ಇದೇ. ವಿದ್ಯುತ್ ಕಣಗಳ ಮಟ್ಟಿಗೆ ಈ ಗದ್ದಲವನ್ನು 1918ರಲ್ಲಿ ವಿವರಿಸಿದವನು ಜರ್ಮನಿಯ ವಾಲ್ಟರ್ ಷಾಟ್ಕಿ. ಕೋವಿಯ ಚರೆಗೆ ತನ್ನ ಭಾಷೆಯಲ್ಲಿರುವ ಮಾತನ್ನೇ ಆತ ಇದಕ್ಕೆ ಹೆಸರಾಗಿಟ್ಟ.

ಅಮೆರಿಕದ ಆರ್. ಸಿ. ಎ. ಕಂಪೆನಿಯಲ್ಲಿ ಟೆಲಿವಿಷನ್ ಕ್ಯಾಮರಾದ ಕೊಳವೆಗಳನ್ನು ರೂಪಿಸುತ್ತಿದ್ದ ಆಲ್ಬರ್ಟ್ ರೋಸ್ ಈ ಲೆಕ್ಕವನ್ನು ಚಿತ್ರಕ್ಕೆ ತಂದ. 1946ರ ಲೇಖನದಲ್ಲಿ ಆತ ಫಿಲ್ಮು, ಟೆಲಿವಿಷನ್ ಕೊಳವೆ, ಮನುಷ್ಯನ ಕಣ್ಣು ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ. ಕಣಗಳ ಏರುಪೇರಿಗಿಂತ ಸುಮಾರು ಐದು ಪಟ್ಟು ಹೆಚ್ಚಿನ ವ್ಯತ್ಯಾಸವಿದ್ದರೆ ಮಾತ್ರ ಒಂದು ಗುರುತನ್ನು ನಿಶ್ಚಯವಾಗಿ ಕಂಡೆವೆನ್ನಬಹುದು ಎಂಬುದು ಅವನ ನಿರ್ಣಯ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಹೆಚ್ಚು ಗೌರವಕ್ಕೆ ಪಾತ್ರನಾದವನು ರೋಸ್. ಯಂತ್ರ ಎಷ್ಟೇ ಜಾಣನಾದರೂ ಬಾರದ ಬೆಳಕನ್ನು ಎಣಿಸಲಾರದೆಂದು ಆತ ಅಂಕಿಗಳಲ್ಲಿ ಬರೆದಿಟ್ಟ.

ಇಷ್ಟು ಹೊತ್ತಿಗೂ ಚುಕ್ಕಿ ಹುಟ್ಟಿರಲಿಲ್ಲ! 1957ರಲ್ಲಿ ರಸೆಲ್ ಕರ್ಷ್ ಎಂಬ ಅಮೆರಿಕನ್ ಇಂಜಿನಿಯರು ತನ್ನ ಮೂರು ತಿಂಗಳ ಮಗನ ಪಟವನ್ನು 176 ಸಾಲು, ಸಾಲಿಗೆ 176 ಚುಕ್ಕಿಗಳಾಗಿ ಒಡೆದು ಗಣಕಯಂತ್ರಕ್ಕೆ ಉಣಿಸಿದ. ಪಿಕ್ಸೆಲ್ ಎಂಬ ಮಾತು ಅಚ್ಚಿನಲ್ಲಿ ಕಾಣಿಸಿದ್ದು 1965ರಲ್ಲಿ. 1969ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್, ಜಾರ್ಜ್ ಸ್ಮಿತ್ ಇಬ್ಬರೂ ಸಿ. ಸಿ. ಡಿ. ಎಂಬ ಉಪಕರಣದ ನಕ್ಷೆ ಬರೆದರು. 2009ರಲ್ಲಿ ಅದಕ್ಕೆ ನೊಬೆಲ್ ಬಹುಮಾನ ಸಂದಿತು. 1975ರಲ್ಲಿ ರಾಚೆಸ್ಟರಿನ ಕೊಡಾಕ್ ಕಂಪೆನಿಯ ಸ್ಟೀವನ್ ಸಾಸನ್ ಆ ಜಾತಿಯ ಚೂರೊಂದನ್ನು ಬಳಸಿ ಕಟ್ಟಿದ ಕ್ಯಾಮರಾ ಮೂರೂವರೆ ಕಿಲೋಗ್ರಾಮಿಗಿಂತ ಭಾರವಾಗಿತ್ತು. ಚುಕ್ಕಿಗಳು 10,000, ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿಗೆ ಬರೆಯಲು 23 ಸೆಕೆಂಡು. ಆ ಕಾಲದ ಚುಕ್ಕಿಗಳು ಹತ್ತಾರು ಮೈಕ್ರಾನ್ ಅಗಲದವು. ಏರಿಯೂ ರೋಸನೂ ಹಾಕಿದ ಬೇಲಿ ಇನ್ನೂ ಬಹು ದೂರದಲ್ಲಿತ್ತು, ಯಾರಿಗೂ ತಡೆಯಾಗಲಿಲ್ಲ.

ಓಟ ಆರಂಭವಾದದ್ದು ಕ್ಯಾಮರಾ ಫೋನಿನೊಳಗೆ ಹೊಕ್ಕಮೇಲೆ. 2000ದಲ್ಲಿ ಜಪಾನಿನ ಶಾರ್ಪ್ ಕಂಪೆನಿ ಹೊರತಂದ ಫೋನಿನಲ್ಲಿ ಚುಕ್ಕಿಗಳು 1,10,000. 2010ರ ಐಫೋನಿನಲ್ಲಿ 50 ಲಕ್ಷ. ಒಂದೊಂದರ ಅಗಲ 1.75 ಮೈಕ್ರಾನ್. ಇಲ್ಲಿ ಇಂಜಿನಿಯರುಗಳ ಜಾಣ್ಮೆಯನ್ನು ಮೆಚ್ಚಲೇಬೇಕು. ಮೊದಲೆಲ್ಲ ಸಿಲಿಕಾನಿನ ಮೇಲ್ಗಡೆ ತಂತಿಗಳ ಬಲೆಯಿದ್ದು ಬೆಳಕು ಅದರ ಸಂದಿಯಲ್ಲಿ ನುಸುಳಬೇಕಾಗಿತ್ತು. 2008ರಲ್ಲಿ ಸೋನಿ ಕಂಪೆನಿ ದೋಸೆ ಮಗುಚಿದಂತೆ ಇಡೀ ಚೂರನ್ನು ಮಗುಚಿ, ತಂತಿಗಳನ್ನು ಕೆಳಕ್ಕೆ ಹಾಕಿ ತೋರಿಸಿತು. ಇನ್ನೊಂದು ತೊಡಕು ಆಳದ್ದು. ನೀಲಿ ಬೆಳಕು ಸಿಲಿಕಾನಿನಲ್ಲಿ ಅರ್ಧ ಮೈಕ್ರಾನಿನೊಳಗೆ ಬಹುಪಾಲು ಇಂಗುತ್ತದೆ. ಕೆಂಪು ಬೆಳಕಿಗೆ ಮೂರು ಮೈಕ್ರಾನ್, ಇನ್ನೂ ಹೆಚ್ಚು ಬೇಕು. ಅಗಲ ಎಷ್ಟೇ ಕುಗ್ಗಿದರೂ ಆಳ ಕುಗ್ಗುವಂತಿಲ್ಲ. ಹೀಗಾಗಿ ಚುಕ್ಕಿಗಳು ಒತ್ತೊತ್ತಾಗಿ ತೋಡಿದ ಕಿರುಬಾವಿಗಳಾದವು. ಒಂದರ ಬೆಳಕು ಪಕ್ಕದ್ದಕ್ಕೆ ಸೋರದಂತೆ ನಡುವೆ ಗೋಡೆ ಎಬ್ಬಿಸಬೇಕಾಯಿತು. ಗೋಡೆಯ ಜಾಗವೂ ಬಾವಿಯಿಂದಲೇ ಹೋಗಬೇಕಷ್ಟೆ.

2012ರಲ್ಲಿ ನೋಕಿಯಾ ಕಂಪೆನಿ 41 ಮೆಗಾಪಿಕ್ಸೆಲ್ಲಿನ ಫೋನು ತಂದಿತು. ಅಷ್ಟು ಚುಕ್ಕಿಗಳನ್ನೂ ನಂಬಿ ಎಂದು ಅದು ಹೇಳಲಿಲ್ಲ. ಸುಮಾರು ಏಳನ್ನು ಕೂಡಿಸಿ ಒಂದು ಮಾಡಿ 5 ಮೆಗಾಪಿಕ್ಸೆಲ್ಲಿನ ಶುಭ್ರವಾದ ಚಿತ್ರ ಕೊಡುವುದೇ ಅದರ ಹೆಮ್ಮೆ. ಮರುವರ್ಷ ಎಚ್. ಟಿ. ಸಿ. ಕಂಪೆನಿ ಎದುರು ದಾರಿ ಹಿಡಿದು, 2 ಮೈಕ್ರಾನಿನ ದೊಡ್ಡ ಚುಕ್ಕಿಗಳು ಬರಿಯ 40 ಲಕ್ಷ ಸಾಕೆಂದಿತು. ಭೌತಶಾಸ್ತ್ರದ ದೃಷ್ಟಿಯಿಂದ ಆ ಮಾತು ನ್ಯಾಯವಾದದ್ದೇ. ಆದರೆ 4 ಎಂಬ ಅಂಕಿಯನ್ನು 13ರ ಪಕ್ಕದಲ್ಲಿಟ್ಟು ಮಾರುವುದು ಹೇಗೆ? 2015ರಲ್ಲಿ ಅದೇ ಕಂಪೆನಿಯ ಮುಖ್ಯ ಫೋನಿನ ಹಿಂಬದಿಯಲ್ಲಿ 20 ಮೆಗಾಪಿಕ್ಸೆಲ್ಲಿನ ಕ್ಯಾಮರಾ ಕುಳಿತಿತ್ತು.

2022ರಲ್ಲಿ ಸ್ಯಾಮ್ಸಂಗ್ ಕಂಪೆನಿ 200 ಮೆಗಾಪಿಕ್ಸೆಲ್ಲಿನ ಚೂರನ್ನು ಪ್ರಕಟಿಸಿತು. ಚುಕ್ಕಿಯ ಅಗಲ 0.56 ಮೈಕ್ರಾನ್, ಅಂದರೆ ಹಸುರು ಬೆಳಕಿನ ಒಂದೇ ಒಂದು ಅಲೆಯಷ್ಟು! ಕತ್ತಲೆ ಕವಿದಾಗ ಇದೂ 16 ಚುಕ್ಕಿಗಳನ್ನು ಒಟ್ಟುಗೂಡಿಸಿ 2.24 ಮೈಕ್ರಾನಿನ ಒಂದು ಚುಕ್ಕಿ ಮಾಡಿಕೊಳ್ಳುತ್ತದೆ; 200 ಇಳಿದು 12.5 ಆಗುತ್ತದೆ. ಏರಿಯ 2.4, ಎಚ್. ಟಿ. ಸಿ.ಯ 2, ಈಗ ಈ 2.24. ಊರೆಲ್ಲ ಸುತ್ತಿ ಹಳೆಯ ಜಗಲಿಗೇ ಬಂದು ಕುಳಿತ ಹಾಗಾಯಿತು. ಹಗಲಿನ ಬೆಳಕಿನಲ್ಲಿ ಬಿಡಿಬಿಡಿಯಾಗಿ, ಕತ್ತಲಲ್ಲಿ ಒಗ್ಗಟ್ಟಾಗಿ ದುಡಿಯುವ ಈ ಏರ್ಪಾಟನ್ನು ನಾನು ಹಳಿಯಲಾರೆ. ಪಾಲು ಮಾಡಿದ ಮಾತ್ರಕ್ಕೆ ಮಳೆ ಕಡಮೆಯಾಗುವುದಿಲ್ಲ; 16 ಲೋಟಗಳ ನೀರನ್ನು ಒಂದು ಕೊಪ್ಪರಿಗೆಗೆ ಸುರಿದರೆ ಹೆಚ್ಚುಕಡಮೆ ಅಷ್ಟೇ ನೀರು. ನಷ್ಟವಾಗುವುದು ಗೋಡೆಗಳಲ್ಲಿ, ಮತ್ತು ಎಣಿಕೆಯ ಸುಂಕದಲ್ಲಿ: ಒಂದೊಂದು ಎಣಿಕೆಯಲ್ಲೂ ಒಂದಿಷ್ಟು ತಪ್ಪು ಸೇರುತ್ತದೆ. ಹಳಿಯಬೇಕಾದದ್ದು 200 ಎಂಬ ಅಂಕಿಯನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚುಮಾಡಿ, ಉಳಿದ ಸಂಗತಿಯನ್ನು ಮೌನಕ್ಕೆ ಬಿಡುವ ವ್ಯಾಪಾರವನ್ನು.

ಕೊಳ್ಳುವವನ ಹಣವೊಂದೇ ಇಲ್ಲಿ ಪಣವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕಳೆದ ವರ್ಷ ತುಲಸೀಪೂಜೆಯ ಸಂಜೆ ಹುಡುಗರು ಹಣತೆಯ ಬೆಳಕಿನಲ್ಲಿ ನಮ್ಮ ದೊಡ್ಡಮ್ಮನ ಪಟ ತೆಗೆದರು. ಪಟದಲ್ಲಿ ದೊಡ್ಡಮ್ಮನ ಕೆನ್ನೆ ನವರಾತ್ರಿಯ ಬೊಂಬೆಯ ಕೆನ್ನೆಯಷ್ಟು ನುಣುಪು. 86 ವರ್ಷಗಳ ಸುಕ್ಕು ಎಲ್ಲಿ ಹೋಯಿತು? ಹಣತೆ ಕೊಟ್ಟ ಕಣಗಳು ಕಡಮೆ. ಚುಕ್ಕಿ ಚುಕ್ಕಿಗೂ ಗದ್ದಲ. ಗದ್ದಲವನ್ನು ಅಡಗಿಸಲೆಂದು ಯಂತ್ರ ಅಕ್ಕಪಕ್ಕದ ಚುಕ್ಕಿಗಳನ್ನು ಸವರಿ ಸಮ ಮಾಡಿತು. ಅದರೊಡನೆ ಸುಕ್ಕೂ ಸವರಿಹೋಯಿತು. ಹುಡುಗರಿಗೆ ಪಟ ಬಲು ಚೆನ್ನಾಗಿ ಕಂಡಿತು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಇದ್ಯಾರೇ ಇವಳು?" ಎಂದರು. ನಾಳೆ ಆ ಮನೆಯ ಮೊಮ್ಮಕ್ಕಳಿಗೆ ಉಳಿಯುವುದು ಈ ಪಟವೇ.

ಬೆಳಕು ಕೊಟ್ಟದ್ದನ್ನಷ್ಟೇ ಎಣಿಸಿ, ಕೊಡದಿದ್ದದ್ದನ್ನು ಊಹಿಸದಿರುವ ದಾರಿಯನ್ನು ಹುಡುಕುತ್ತಿರುವವರೂ ಇದ್ದಾರೆ. ಇಂದಿನ ಫೋನುಗಳಲ್ಲಿರುವ ಸೀಮಾಸ್ ಜಾತಿಯ ಚೂರನ್ನು 1990ರ ದಶಕದಲ್ಲಿ ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಬೆಳೆಸಿದ ಎರಿಕ್ ಫೋಸಮ್ 2005ರಲ್ಲಿ ಒಂದು ಸಲಹೆ ಮುಂದಿಟ್ಟರು. ಹಳೆಯ ಫಿಲ್ಮಿನ ಬೆಳ್ಳಿಯ ಹರಳುಗಳಿಗೆ ಎರಡೇ ಸ್ಥಿತಿ: ಒಂದೊಂದೂ ಬೆಳಕು ತಾಗಿ ಕಪ್ಪಾಗಬೇಕು, ಇಲ್ಲವೆ ಹಾಗೆಯೇ ಉಳಿಯಬೇಕು. ಸಿಲಿಕಾನಿನಲ್ಲೂ ಅಷ್ಟೇ ಕಿರಿದಾದ ಕೋಟಿಗಟ್ಟಲೆ ಮನೆಗಳನ್ನು ಮಾಡಿ, ಒಂದೊಂದರಿಂದಲೂ ಬಂತು, ಬರಲಿಲ್ಲ ಎಂಬ ಒಂದೇ ಉತ್ತರ ಪಡೆದು, ಆಮೇಲೆ ಕೂಡಿಸಿ ಚಿತ್ರ ಬರೆದರೇನು ಎಂದು ಅವರು ಕೇಳಿದರು. 2017ರಲ್ಲಿ ಡಾರ್ಟ್‌ಮತ್ ಕಾಲೇಜಿನ ಅವರ ತಂಡ ಹತ್ತು ಲಕ್ಷ ಚುಕ್ಕಿಗಳ ಅಂಥ ಚೂರೊಂದನ್ನು ತೋರಿಸಿತು. ಚುಕ್ಕಿಯ ಅಗಲ 1.1 ಮೈಕ್ರಾನ್. ಮಂಜಿನಲ್ಲಿ ತಣಿಸದೆ, ಸಾಮಾನ್ಯ ಕೋಣೆಯ ಸೆಕೆಯಲ್ಲೇ ಅದು ಬೆಳಕಿನ ಕಣಗಳನ್ನು ಒಂದು, ಎರಡು, ಮೂರು ಎಂದು ಎಣಿಸಿತು.