ನಾರುಹುಣ್ಣೂ ಬಾವಿಯ ನೀರೂ

ಉತ್ತರ ಕರ್ನಾಟಕದ ಹಳ್ಳಿಗಳನ್ನು ಬಹುಕಾಲ ಪೀಡಿಸಿದ ರೋಗಗಳಲ್ಲಿ ನಾರುಹುಣ್ಣೂ ಒಂದಾಗಿದ್ದಿತು. ಪಾಶ್ಚಾತ್ಯರು ಇದರ ಹುಳುವಿಗೆ ಆಫ್ರಿಕದ ಗಿನಿ ತೀರದ ಹೆಸರನ್ನೂ, ಶಾಸ್ತ್ರೀಯವಾಗಿ ಅರೇಬಿಯದ ಮದೀನಾ ನಗರದ ಹೆಸರನ್ನೂ ಇಟ್ಟರು. ಕನ್ನಡಿಗರಾದರೋ ಹುಣ್ಣಿನಿಂದ ನಾರಿನ ಎಳೆಯಂತೆ ಹೊರಬರುವ ರೂಪವನ್ನೇ ಹಿಡಿದು ಹೆಸರಿಸಿದರು. ಸಂಸ್ಕೃತ ವೈದ್ಯಗ್ರಂಥಗಳ ‘ಸ್ನಾಯುಕ’ವೆಂಬ ಹೆಸರಿಗೂ ಇದೇ ಆಧಾರವು. ರೋಗದ ರೂಪವು ಹೀಗೆ ಪೂರ್ವಿಕರಿಗೆ ಚೆನ್ನಾಗಿ ತಿಳಿದಿದ್ದರೂ ಅದರ ಮೂಲವು ನೀರಿನಲ್ಲಿ ಎಲ್ಲಿ ಅಡಗಿದೆಯೆಂಬುದು ಬಹುಕಾಲ ಗೂಢವಾಗಿಯೇ ಉಳಿಯಿತು.

೧೮೭೦ರ ಸುಮಾರಿಗೆ ತುರ್ಕಿಸ್ತಾನದಲ್ಲಿ ಸಂಶೋಧನೆ ನಡೆಸಿದ ರಷ್ಯದ ವಿಜ್ಞಾನಿ ಫೆಡ್ಚೆಂಕೊ ಎಂಬವನು ಈ ಗೂಢವನ್ನು ಬಿಡಿಸಿದನು. ಈ ಹುಳುವಿನ ಮರಿಗಳು ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜಲಜಂತುವಿನ ಒಡಲನ್ನು ಸೇರಿ ಬೆಳೆಯುತ್ತವೆ. ಆ ಜಂತುವಿರುವ ನೀರನ್ನು ಕುಡಿದವನ ಮೈಯಲ್ಲಿ ಹುಳುವು ಸುಮಾರು ಒಂದು ವರ್ಷ ಅಡಗಿದ್ದು, ಒಂದು ಮೀಟರಿನಷ್ಟು ಉದ್ದಕ್ಕೆ ಬೆಳೆದು, ಬಹುಶಃ ಕಾಲಿನಲ್ಲಿಯೇ ಬೊಬ್ಬೆಯೆಬ್ಬಿಸಿ ಹೊರಬೀಳುವುದು. ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ನೀರಿನಲ್ಲಿಟ್ಟೊಡನೆ ಹುಳುವು ಅಸಂಖ್ಯ ಮರಿಗಳನ್ನು ಅಲ್ಲಿ ಚೆಲ್ಲುವುದು. ಮೆಟ್ಟಿಲುಬಾವಿಯು ಈ ಚಕ್ರಕ್ಕೆ ತಕ್ಕ ನೆಲೆಯಾಗಿದ್ದಿತು. ಕೊಡ ತುಂಬಲು ಇಳಿದವರ ಕಾಲು ತೊಳೆದ ನೀರೇ ಊರವರೆಲ್ಲರೂ ಕುಡಿಯುವ ನೀರಾಗುತ್ತಿತ್ತು. ಪುಣ್ಯಕಾರ್ಯವೆಂದು ಕಟ್ಟಿಸಿದ ಬಾವಿಯೇ ಹೀಗೆ ವ್ಯಾಧಿಗೆ ದಾರಿಯಾಯಿತು.

ಈ ರೋಗಕ್ಕೆ ಔಷಧವಾಗಲಿ ಲಸಿಕೆಯಾಗಲಿ ಇಲ್ಲ. ಹುಳುವನ್ನು ಕಡ್ಡಿಗೆ ಸುತ್ತಿ ದಿನದಿನವೂ ಸ್ವಲ್ಪಸ್ವಲ್ಪವಾಗಿ ಎಳೆಯುವುದೊಂದೇ ಉಪಾಯವಾಗಿದ್ದಿತು. ಆದರೂ ೧೯೮೩–೮೪ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ನೀರಿನ ದಾರಿಯನ್ನೇ ತಡೆದು ಜಯ ಪಡೆಯಿತು. ನೀರನ್ನು ಬಟ್ಟೆಯಲ್ಲಿ ಸೋಸಲು ಜನರಿಗೆ ಕಲಿಸಿದರು. ಬಾವಿಗಳಿಗೆ ಸೈಕ್ಲಾಪ್ಸನ್ನು ಕೊಲ್ಲುವ ಮದ್ದು ಹಾಕಿದರು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿದರು. ಕೊಳವೆಬಾವಿ ಕೊರೆದು ಕೈಪಂಪು ಹೂಡಿದರು. ಭಾರತದ ಕೊನೆಯ ರೋಗಿಯು ೧೯೯೬ರ ಜುಲೈ ತಿಂಗಳಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. ೨೦೦೦ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವಾದ ದೇಶವೆಂದು ಘೋಷಿಸಿತು.

ಬಟ್ಟೆಯಲ್ಲಿ ಸೋಸಿದ ನೀರನ್ನು ಕುಡಿಯುವ ವಿಧಿಯು ನಮ್ಮ ನಾಡಿಗೆ ಹೊಸದಲ್ಲವೆಂಬುದು ಇಲ್ಲಿ ಗಮನಾರ್ಹವಾದುದು. ಮನುಸ್ಮೃತಿಯು ಯತಿಗೆ ಇದನ್ನು ವಿಧಿಸಿದೆ. ಜೈನರಲ್ಲಿ ಇದು ಗೃಹಸ್ಥರ ನಿತ್ಯಾಚಾರವೇ ಆಗಿದೆ. ಜೈನರ ಆಚಾರಕ್ಕೆ ಜೀವದಯೆಯೇ ಕಾರಣವು, ರೋಗಭಯವಲ್ಲ. ಆದರೂ ನೀರಿನ ಜಂತುವನ್ನು ಉಳಿಸಲೆಂದು ಹಿಡಿದ ಬಟ್ಟೆಯು ಕುಡಿಯುವವನನ್ನೂ ರಕ್ಷಿಸಬಲ್ಲುದಾಗಿದ್ದಿತು.

ಆದರೆ ಜಲದೋಷದ ಕಥೆಯು ಇಲ್ಲಿಗೆ ಮುಗಿಯುವುದಿಲ್ಲ. ಆಳದ ಕೊಳವೆಬಾವಿಯ ನೀರಿನಲ್ಲಿ ಹುಳುವಿಲ್ಲದಿದ್ದರೂ ಬಂಡೆಗಳಿಂದ ಕರಗಿ ಬಂದ ಫ್ಲೋರೈಡು ಇರಬಹುದು. ೧೯೩೭ರಲ್ಲಿಯೇ ಷಾರ್ಟ್ ಮತ್ತು ಅವನ ಸಹೋದ್ಯೋಗಿಗಳು ಆಗಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಲ್ಲಿ ಇದರಿಂದ ಎಲುಬು ಕೀಲುಗಳು ಬಿಗಿದುಹೋದುದನ್ನು ವರ್ಣಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯು ಲೀಟರಿಗೆ ೧.೫ ಮಿಲಿಗ್ರಾಮನ್ನು ಇದರ ಮಿತಿಯೆಂದು ಸೂಚಿಸಿದೆ. ಈ ಮಿತಿಯನ್ನು ಮೀರಿದ ನೀರು ಕರ್ನಾಟಕದ ಕೋಲಾರ, ತುಮಕೂರು, ಗದಗ ಮುಂತಾದ ಒಣಸೀಮೆಗಳಲ್ಲಿ ದೊರೆಯುತ್ತದೆ. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳಲ್ಲಿ ಕಲೆಗಳು ಮೂಡುತ್ತವೆ.

ಈ ದೋಷವು ಬಟ್ಟೆಗೆ ಸಿಕ್ಕದು, ಕುದಿಸಿದರೆ ಹೋಗದು, ಬಣ್ಣದಿಂದಾಗಲಿ ರುಚಿಯಿಂದಾಗಲಿ ತಿಳಿಯದು. ಮೆಟ್ಟಿಲುಬಾವಿಯ ದೋಷವು ಮನುಷ್ಯನ ಕಾಲಿನಿಂದ ಬಂದುದು, ಕೊಳವೆಬಾವಿಯದು ಭೂಗರ್ಭದಿಂದ ಬಂದುದು. ಮೊದಲನೆಯದನ್ನು ಗೆಲ್ಲಲು ಮೊಳದಷ್ಟು ಬಟ್ಟೆಯೂ ಊರಿನ ಎಚ್ಚರವೂ ಸಾಕಾದುವು. ಎರಡನೆಯದಕ್ಕೆ ಪ್ರತಿಯೊಂದು ಬಾವಿಯ ನೀರನ್ನೂ ಪರೀಕ್ಷಿಸಬೇಕಾಗುವುದು. ತಿಳಿಯಾದ ನೀರೆಲ್ಲವೂ ಶುದ್ಧವಾದ ನೀರಲ್ಲವೆಂಬುದೇ ಈ ಎರಡು ಬಾವಿಗಳ ಚರಿತ್ರೆಯಿಂದ ಸಿದ್ಧವಾಗುವ ಮಾತು.