ನಡುಗಾತ್ರದ ಕ್ಯಾಮೆರಾದ ಮುಂದಿನ ದಾರಿ

ಕ್ಯಾಮೆರಾದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅದು ಚಿಕ್ಕದಾಗುತ್ತ ಬಂದ ಕಥೆಯನ್ನೇ ಹೇಳುತ್ತಾರೆ. ಮರದ ಪೆಟ್ಟಿಗೆಯಿಂದ ಜೇಬಿನ ಫೋನಿನವರೆಗೆ ಒಂದೇ ಇಳಿಜಾರು. ಈ ಇಳಿಜಾರಿನ ನಡುವೆ ಹಟ ಹಿಡಿದು ನಿಂತ ಕುಲವೊಂದಿದೆ. ಅದೇ ಮೀಡಿಯಂ ಫಾರ್ಮ್ಯಾಟ್. ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಮೇಲಿನಿಂದ ಬಗ್ಗಿ ನೋಡಿ ಫೋಟೋ ತೆಗೆಯುತ್ತಿದ್ದ ಯಾಶಿಕಾ ಈ ಕುಲದ್ದೇ. 120 ನಂಬರಿನ ರೋಲೊಂದಕ್ಕೆ 12 ಚೌಕ ಚಿತ್ರಗಳು. ಒಂದೊಂದೂ ಸುಮಾರು 56 ಮಿಲಿಮೀಟರ್ ಉದ್ದ, ಅಷ್ಟೇ ಅಗಲ, 35 ಎಂ.ಎಂ. ಫಿಲ್ಮಿನ ಚಿತ್ರಕ್ಕಿಂತ ಮೂರೂವರೆ ಪಟ್ಟಿಗೂ ಹೆಚ್ಚು ಜಾಗ.

ಈ ಕುಲದ ದೊಡ್ಡ ಮನೆ ಸ್ವೀಡನ್ನಿನ ಗೋಥೆನ್‌ಬರ್ಗಿನದು. ವಿಕ್ಟರ್ ಹ್ಯಾಸೆಲ್‌ಬ್ಲಾಡ್ 1948ರಲ್ಲಿ ಹೊರತಂದ ಕ್ಯಾಮೆರಾದಲ್ಲಿ ಲೆನ್ಸ್ ಬೇರೆ, ನಡುವಿನ ಡಬ್ಬಿ ಬೇರೆ, ಹಿಂದಿನ ಫಿಲ್ಮ್ ಮ್ಯಾಗಝೀನ್ ಬೇರೆ. 1957ರಲ್ಲಿ ಬಂದ 500ಸಿ ಆ ವಿನ್ಯಾಸವನ್ನು ಗಟ್ಟಿಮಾಡಿತು. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ನೆಲದಲ್ಲಿ ಬಳಸಿದ್ದು ಇದೇ ಮನೆತನದ ಕ್ಯಾಮೆರಾ. ಹೊರಡುವಾಗ ಭಾರ ಉಳಿಸಲೆಂದು ಕ್ಯಾಮೆರಾವನ್ನು ಅಲ್ಲೇ ಬಿಟ್ಟು ಮ್ಯಾಗಝೀನನ್ನು ಮಾತ್ರ ಭೂಮಿಗೆ ತಂದರು. ಬಿಡಿಭಾಗಗಳಾಗಿ ಕಳಚುವ ಗುಣ ಅಲ್ಲಿಯೂ ಉಪಯೋಗಕ್ಕೆ ಬಂತು.

ಡಿಜಿಟಲ್ ಯುಗ ಒಳಗೆ ಕಾಲಿಟ್ಟದ್ದೂ ಈ ಹಿಂಬಾಗಿಲಿನಿಂದಲೇ. 1990ರ ದಶಕದ ಆರಂಭದಲ್ಲಿ ಲೀಫ್ ಕಂಪನಿಯ ಬ್ಯಾಕ್ ಬಂತು. ಮ್ಯಾಗಝೀನಿದ್ದ ಜಾಗಕ್ಕೆ ಅದನ್ನು ಸಿಕ್ಕಿಸಿ, ತಂತಿಯಿಂದ ಕಂಪ್ಯೂಟರಿಗೆ ಜೋಡಿಸಬೇಕು. ಇದ್ದದ್ದು 4 ಮೆಗಾಪಿಕ್ಸೆಲ್. ಬಣ್ಣ ಬೇಕಾದರೆ ಕೆಂಪು, ಹಸಿರು, ನೀಲಿ ಫಿಲ್ಟರುಗಳಲ್ಲಿ ಮೂರು ಸಲ ತೆಗೆಯಬೇಕು. ಆದ್ದರಿಂದ ಅದರ ಮುಂದೆ ಕೂರಲು ಯೋಗ್ಯವಾದದ್ದು ಹೂಜಿ, ಗಡಿಯಾರಗಳೇ ಹೊರತು ಮನುಷ್ಯರಲ್ಲ! 1993ರಲ್ಲಿ ಡೆನ್ಮಾರ್ಕಿನಲ್ಲಿ ಫೇಸ್ ಒನ್ ಹುಟ್ಟಿತು. ಆದರೆ ಬ್ಯಾಕುಗಳ ಬೆಲೆ ಇಳಿಯುವ ಮೊದಲೇ 35 ಎಂ.ಎಂ. ಗಾತ್ರದ ಡಿಜಿಟಲ್ ಕ್ಯಾಮೆರಾಗಳು ಸ್ಟುಡಿಯೋಗಳನ್ನು ಆಕ್ರಮಿಸಿದವು. ಹ್ಯಾಸೆಲ್‌ಬ್ಲಾಡ್ 2004ರಲ್ಲಿ ಇಮಾಕಾನ್ ಜೊತೆ ಸೇರಿ ಉಸಿರು ಹಿಡಿದುಕೊಂಡಿತು. 2005ರಲ್ಲಿ ಕ್ಯೋಸೆರಾ ಕಾಂಟ್ಯಾಕ್ಸ್ ಕ್ಯಾಮೆರಾಗಳನ್ನೇ ನಿಲ್ಲಿಸುವುದಾಗಿ ಸಾರಿತು.

ತೊಡಕು ಇದ್ದದ್ದು ಸಿಲಿಕಾನಿನಲ್ಲಿ. ಫಿಲ್ಮಿನ ಗಾತ್ರ ಹೆಚ್ಚಿದರೆ ಖರ್ಚು ಅಷ್ಟಕ್ಕಷ್ಟೇ ಏರುತ್ತದೆ. ಸೆನ್ಸರ್ ಹಾಗಲ್ಲ. ತುಂಡು ದೊಡ್ಡದಾದಷ್ಟೂ ಒಂದು ಬಿಲ್ಲೆಯಲ್ಲಿ ಸಿಗುವ ಸಂಖ್ಯೆ ಕಡಿಮೆ. ಎಲ್ಲೋ ಒಂದು ಕಡೆ ದೋಷವಿದ್ದರೆ ಇಡೀ ತುಂಡೇ ವ್ಯರ್ಥ. ಹೀಗಾಗಿ ಕಂಪನಿಗಳು 44ಕ್ಕೆ 33 ಮಿಲಿಮೀಟರಿನ ಅಳತೆಗೆ ರಾಜಿಯಾದವು. ಹಳೆಯ ಚೌಕದ ಅರ್ಧವೂ ಇಲ್ಲದ ಇದನ್ನು ಮೀಡಿಯಂ ಎನ್ನುವುದು ಮಾತಿನ ಔದಾರ್ಯ. ಆದರೂ 35 ಎಂ.ಎಂ.ಗಿಂತ ಮೂರನೇ ಎರಡರಷ್ಟು ಹೆಚ್ಚು ಜಾಗವಿದೆ. 2014ರಲ್ಲಿ ಸೋನಿಯ 50 ಮೆಗಾಪಿಕ್ಸೆಲ್ ಸಿಮಾಸ್ ಸೆನ್ಸರ್ ಬಂದು ಮಂದ ಬೆಳಕಿನ ಭಯ ಕಳೆಯಿತು. 2016ರಲ್ಲಿ ಹ್ಯಾಸೆಲ್‌ಬ್ಲಾಡ್ ಎಕ್ಸ್1ಡಿಯನ್ನೂ 2017ರಲ್ಲಿ ಫ್ಯೂಜಿಫಿಲ್ಮ್ ಜಿಎಫ್ಎಕ್ಸ್ 50ಎಸ್ ಅನ್ನೂ ತಂದು, ಒಳಗಿನ ಕನ್ನಡಿಯನ್ನೇ ಕಿತ್ತುಹಾಕಿದವು. 2019ರಲ್ಲಿ ಸುಮಾರು 10,000 ಡಾಲರಿಗೆ ಬಂದ ಫ್ಯೂಜಿಯ 100 ಮೆಗಾಪಿಕ್ಸೆಲ್, 2021ರಲ್ಲಿ 6,000 ಡಾಲರಿಗೆ ಇಳಿಯಿತು.

ಇನ್ನು ಮುಂದೇನು? ಹಳೆಯ ಚೌಕದಷ್ಟೇ ದೊಡ್ಡ ಸೆನ್ಸರ್ ಬರುತ್ತದೆಂದು ಕಾಯುವವರಿದ್ದಾರೆ. ನನಗೆ ಆ ನಂಬಿಕೆಯಿಲ್ಲ. 2018ರಲ್ಲಿ ಫೇಸ್ ಒನ್ 54ಕ್ಕೆ 40 ಮಿಲಿಮೀಟರಿನಷ್ಟಿರುವ, 150 ಮೆಗಾಪಿಕ್ಸೆಲ್ಲಿನ ಬ್ಯಾಕ್ ತಂದಾಗಲೂ ಅದು ಸ್ಟುಡಿಯೋದವನ ಕೈಗೆಟುಕುವ ವಸ್ತುವಾಗಲಿಲ್ಲ. ಮದುವೆಯ ಆಲ್ಬಮ್ಮಿಗೆ ಅಷ್ಟು ಪಿಕ್ಸೆಲ್ಲೂ ಬೇಡ. ತಾಳೆಗರಿಯ ಮೇಲೆ ಕಂಠದ ಮೊನೆ ಕೊರೆದ ಗೀರನ್ನು, ಹಳೆಯ ನಕ್ಷೆಯ ನೂಲಿನಂಥ ಗೆರೆಯನ್ನು ದಾಖಲಿಸುವವರಿಗೆ ಬೇಕು. ಈ ಕ್ಯಾಮೆರಾಗಳ ನಿಜವಾದ ನೆಲೆ ಇನ್ನು ಮುಂದೆ ಅಲ್ಲಿರುತ್ತದೆ ಎಂಬುದು ನನ್ನ ಅನಿಸಿಕೆ.

ನನ್ನ ಕಾಳಜಿ ಬೇರೆಯದು. ಸೆನ್ಸರಿಗೆ ಬೇಗ ವಯಸ್ಸಾಗುತ್ತದೆ, ಲೆನ್ಸಿಗೆ ಆಗುವುದಿಲ್ಲ. ಎಲ್ಲವನ್ನೂ ಒಂದೇ ಮೈಯಲ್ಲಿ ಬೆಸೆದದ್ದರಿಂದಲೇ ಫ್ಯೂಜಿಯ ಕ್ಯಾಮೆರಾ ಅಗ್ಗವಾಯಿತು, ನಿಜ. ಆದರೆ ಸೆನ್ಸರ್ ಹಳತಾದ ದಿನ ಇಡೀ ಮೈಯೇ ಹಳತಾಗುತ್ತದೆ. ಸಾಲ ಮಾಡಿ ಕೊಂಡವನ ಕಂತು ತೀರುವಷ್ಟರಲ್ಲಿ ಹೊಸ ಮಾದರಿ ಅಂಗಡಿಯಲ್ಲಿ ಕೂತಿರುತ್ತದೆ. 2024ರಲ್ಲಿ ಹ್ಯಾಸೆಲ್‌ಬ್ಲಾಡ್ ತಂದ 100 ಮೆಗಾಪಿಕ್ಸೆಲ್ ಬ್ಯಾಕ್, 1957ರಿಂದ ಈಚೆಗೆ ತಯಾರಾದ ಅದರ ಹೆಚ್ಚಿನ ಹಳೆಯ ಡಬ್ಬಿಗಳಿಗೂ ಕೂಡುತ್ತದೆ. ಚಂದ್ರನಲ್ಲಿ ಡಬ್ಬಿ ಬಿಟ್ಟು ಹಿಂಭಾಗ ತಂದರು. ಇಲ್ಲಿ ಹಿಂಭಾಗ ಬದಲಾಯಿಸಿ ಡಬ್ಬಿ ಉಳಿಸಿಕೊಳ್ಳಬಹುದು. ಮೆಗಾಪಿಕ್ಸೆಲ್ಲಿನ ಲೆಕ್ಕ ಬದಿಗಿಟ್ಟು, ಅಪ್ಪ ಕೊಂಡ ಯಂತ್ರಕ್ಕೆ ಮಗ ಹೊಸ ಕಣ್ಣು ಕೊಡಿಸಬಹುದಾದ ದಾರಿಯನ್ನು ಎಷ್ಟು ಕಂಪನಿಗಳು ಹಿಡಿಯುತ್ತವೆ ಎಂಬುದನ್ನೇ ನಾನು ನೋಡುತ್ತಿರುವುದು.